ಹೊಟ್ಟೆ ತುಂಬಿದ ಕೌದಿ

ಮೊಮ್ಮಗಳ ತೊಟ್ಟಿಲ ಕಾರ್ಯದ ದಿನ ಶಿವಯೋಗಿ ತಮ್ಮ ಮನೆಯ ಅಡುಗೆಮನೆಯಲ್ಲಿ ತಾವೇ ಒಂದು ಹೋಳಿಗೆ ಕದ್ದರು. ಕೇಳಿದ್ದರೆ ತಟ್ಟೆ ತುಂಬ ಸಿಗುತ್ತಿತ್ತು, ಮೇಲೆ ತುಪ್ಪವೂ ಬೀಳುತ್ತಿತ್ತು. ಆದರೆ ಕೇಳುವ ಹಾಗಿರಲಿಲ್ಲ. ಒಬ್ಬ ಮನುಷ್ಯನನ್ನು ಪರೀಕ್ಷೆ ಮಾಡಬೇಕು ಅನ್ನಿಸಿದಾಗ ಪರಮಾತ್ಮ ಮಳೆ ಸಿಡಿಲು ಕಳಿಸುವುದಿಲ್ಲ. ಹೆಂಚಿನಿಂದ ಆಗ ತಾನೇ ಇಳಿದ ಒಂದು ಹೋಳಿಗೆಯಲ್ಲೇ ಕೆಲಸ ಮುಗಿಸುತ್ತಾನೆ.

ಕೇಳುವ ಹಾಗೆ ಯಾಕಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಶಿವಯೋಗಿ ರೋಣದ ಕಡೆಯವರು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಅತ್ತಿಗುಪ್ಪೆಯಲ್ಲಿ ಕಮಲಾಕ್ಷಮ್ಮನವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆ. ಇಸ್ಪೀಟು ಗೊತ್ತಿಲ್ಲ, ಬೀಡಿ ಸೇದಿದವರಲ್ಲ. ಇದ್ದದ್ದು ಒಂದೇ ಚಟ, ಕೌದಿ ಹೊಲಿಯುವುದು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಹೊಲಿಗೆ ಹಾಕುತ್ತ ಬರುವ ಆ ಕೆಲಸವನ್ನು ಅವರು ಹುಡುಗನಾಗಿದ್ದಾಗ ತಾಯಿಯ ಪಕ್ಕ ಕೂತು ನೋಡಿದ್ದರು. ಹಳೇ ಸೀರೆ ಕಂಡರೆ ಅವರ ಮುಖ, ಹಸಿ ಹುಲ್ಲು ಕಂಡ ಆಕಳ ಮುಖದಂತೆ ಅರಳುತ್ತಿತ್ತು.

ಈ ಚಟಕ್ಕೆ ಸಂಸಾರದ ತಿಥಿವಾರ ತಿಳಿಯುತ್ತಿರಲಿಲ್ಲ. ಮಗಳು ಚೇತನಾಳ ಕಿವಿ ಚುಚ್ಚಿಸುವ ದಿನ ಅಕ್ಕಸಾಲಿ ಬಂದು ಕೂತರೂ ಇವರು ಒಂದು ಸಾಲು ಮುಗಿಸಿ ಏಳುತ್ತೇನೆ ಎಂದು ಕೂತಿದ್ದರು. ಅವಳ ನಿಶ್ಚಿತಾರ್ಥಕ್ಕಂತೂ ಎಲೆ ಅಡಿಕೆ ಬದಲಾಯಿಸಿದ ಮೇಲೆ ಓಡುತ್ತ ಬಂದು ಬೀಗರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಅಂಗಿಯ ಎದೆಗೆ ಸಿಕ್ಕಿಸಿದ್ದ ಸೂಜಿ ಬೀಗರಿಗೆ ನಾಟಿತು. ಆ ಸಂಜೆ ಹೆಂಡತಿ ದಾನಮ್ಮ ಗಂಡನನ್ನು ದೇವರ ಮುಂದೆ ನಿಲ್ಲಿಸಿ, ಅಂಗೈಗೆ ವಿಭೂತಿ ಇಟ್ಟು, ಇನ್ನು ಸೂಜಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದರು.

ಆಣೆ ಚೆನ್ನಾಗಿಯೇ ನಡೆಯಿತು, ಚೇತನಾ ಬಾಣಂತನಕ್ಕೆ ಬರುವವರೆಗೆ. ಕೂಸಿಗೆ ತವರಿನಿಂದ ಕೌದಿ ಹೋಗಬೇಕು. ದಾನಮ್ಮ ಅದರ ಬದಲು ಅಂಗಡಿಯಿಂದ ಒಂದು ರಗ್ಗು ತಂದರು. ರಗ್ಗಿನ ತುಂಬ ಬಾಯಿ ತೆರೆದ ಹುಲಿ. ಕಣ್ಣು ಬಿಡದ ಕೂಸಿನ ಮೇಲೆ ಹುಲಿ ಹೊದಿಸುವುದನ್ನು ನೆನೆದು ಶಿವಯೋಗಿಯವರ ಕರುಳು ಚುರ್ ಎಂದಿತು. ಶಿವನ ಹತ್ತಿರ ಒಳಗೊಳಗೇ ಕ್ಷಮೆ ಕೇಳಿಕೊಂಡರು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿನಿಂದ ಸೀರೆ ಸಂಪಾದಿಸಿದರು. ಕಾರ್ಖಾನೆಯಲ್ಲಿ ಓಟಿ ಇದೆ ಎಂದು ಹೇಳಿ, ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ತಮ್ಮ ಮನೆಯ ಬಾಗಿಲನ್ನೇ ದಾಟಿ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಕೆಳಗೆ ಯಾರೂ ಬಳಸದೆ ಬಿಟ್ಟಿದ್ದ ಕೋಣೆಯಲ್ಲಿ ಕೂತು ಹೊಲಿಯತೊಡಗಿದರು. ಕೌದಿಯನ್ನು ಊರಿನಿಂದ ಅಕ್ಕ ಹಾಲವ್ವ ಬಸ್ಸಿನಲ್ಲಿ ಕಳಿಸಿದಳು ಎಂದುಬಿಟ್ಟರೆ ಮುಗಿಯಿತು.

ಈಗ ಎಲ್ಲ ಮುಗಿದು ಒಂದು ಮೂಲೆ ಮಾತ್ರ ಉಳಿದಿತ್ತು. ಅವರ ಮನೆತನದಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹಬ್ಬದ ಅಡುಗೆಯ ಒಂದು ತುಣುಕು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸದಿದ್ದರೆ ಹೊದ್ದ ಮಗು ರಾತ್ರಿಯೆಲ್ಲ ಹಸಿದು ಅಳುತ್ತದೆ ಎಂಬ ನಂಬಿಕೆ. ನೈವೇದ್ಯಕ್ಕೂ ಮುಂಚೆ ಒಂದು ಹೋಳಿಗೆ ಕೊಡು ಎಂದರೆ ದಾನಮ್ಮನಿಗೆ ಆ ಕ್ಷಣವೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಕಳ್ಳತನ.

ಬಿಸಿ ಹೋಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಇಳಿಬಿಟ್ಟುಕೊಂಡು ಶಿವಯೋಗಿ ಮೆಟ್ಟಿಲಿಗೆ ಬಂದರೆ, ಎದುರಿಗೆ ಕಮಲಾಕ್ಷಮ್ಮ. ಬೀದಿಯಲ್ಲಿ ಬೆಕ್ಕು ಅಡ್ಡ ಹೋದರೂ ಯಾರ ಮನೆಯಿಂದ ಬಂದದ್ದು ಎಂದು ವಿಚಾರಿಸುವ ಹೆಂಗಸು.

"ಯಾಕ್ ಶಿವಯೋಗಿಯವ್ರೇ, ಎದೆ ಹಿಡ್ಕೊಂಡಿದೀರ? ನೋವಾ?"

"ಏನಿಲ್ರಿ. ಕಾಗಿಗಿ ಸ್ವಲ್ಪ..." ಎಂದು ಹೋಳಿಗೆಯ ಬಿಸಿ ತಾಳಲಾರದೆ ಅವರು ಬಾಯಿಗೆ ಬಂದದ್ದು ಹೇಳಿಬಿಟ್ಟರು.

ಕಾಗೆಗೆ ಎಡೆ ಇಡುವುದು ಪಿತೃಪಕ್ಷದಲ್ಲಿ, ತಿಥಿಯಲ್ಲಿ. ತೊಟ್ಟಿಲಿಗೆ ಹಾಕುವ ದಿನ ಯಾರಾದರೂ ಕಾಗೆ ಕರೆಯುತ್ತಾರೆಯೇ? ಶಿವಯೋಗಿ ಮೆಟ್ಟಿಲೇರುವುದನ್ನು ಕಮಲಾಕ್ಷಮ್ಮ ನೋಡಿದರು, ಬರಿಗೈಯಲ್ಲಿ ಇಳಿಯುವುದನ್ನೂ ನೋಡಿದರು. ಆಮೇಲೆ ತಾರಸಿಗೆ ಹೋಗಿ ಕಟ್ಟೆಯನ್ನೆಲ್ಲ ತಡಕಿದರು. ಅಗುಳು ಇಲ್ಲ, ಕಾಗೆಯೂ ಇಲ್ಲ. ನೇರವಾಗಿ ದಾನಮ್ಮನ ಅಡುಗೆಮನೆಗೆ ಬಂದು, ಕೊಬ್ಬರಿ ತುರಿಯುವ ನೆಪ ಮಾಡಿಕೊಂಡು ಕೂತರು.

ಅಷ್ಟರಲ್ಲಿ ಹೂವು ತರಲು ಶಿವಯೋಗಿಯವರನ್ನು ವಿಜಯನಗರದ ಮಾರ್ಕೆಟ್ಟಿಗೆ ಅಟ್ಟಲಾಗಿತ್ತು. ಮೆಟ್ರೋ ಕಂಬಕ್ಕೆಂದು ರಸ್ತೆ ಅಗೆದಿದ್ದರಿಂದ ಸುತ್ತಿ ಬಳಸಿ ಹೋದರು. ಸೇವಂತಿಗೆ ಕೊಂಡರು. ಕೊನೆಯ ಮೂಲೆಗೆ ಕೆಂಪು ದಾರ ಸಾಲದೆಂದು ನೆನಪಾಗಿ, ರವಿಕೆ ಬಟ್ಟೆ ಕೊಳ್ಳುವ ಹೆಂಗಸರೇ ತುಂಬಿದ್ದ ಒಂದು ಮ್ಯಾಚಿಂಗ್ ಸೆಂಟರಿಗೆ ನುಗ್ಗಿ, ದಾರದ ಉಂಡೆ ಜೇಬಿಗೆ ಹಾಕಿಕೊಂಡು ಹೊರಬಂದರು. ಇದೆಲ್ಲ ಯಾರಿಗೂ ತಿಳಿಯದು ಎಂದುಕೊಂಡದ್ದು ಅವರ ಭ್ರಮೆ.

ಮನೆಗೆ ಬಂದರೆ ಬೀಗರ ಕಡೆಯವರು ಬಂದು ಚಾಪೆಯ ಮೇಲೆ ಕೂತಿದ್ದರು. ಅಳಿಯ ಮುತ್ತುರಾಜ ಸಾಧು ಹುಡುಗ, ಒಂದೂ ಸುಳ್ಳು ಆಡಿದವನಲ್ಲ. ಅದೇ ಕಷ್ಟ.

"ಮಾವಾರೆ, ಮ್ಯಾಚಿಂಗ್ ಸೆಂಟರಿನ್ಯಾಗ ನಿಂತಿದ್ರಲ್ಲ, ಕರದೆ, ನಿಮಗ ಕೇಳಲಿಲ್ಲ" ಎಂದ.

ದಾನಮ್ಮ ಹೂವಿನ ಬುಟ್ಟಿ ತೆಗೆದುಕೊಳ್ಳಲು ಚಾಚಿದ ಕೈ ಹಾಗೇ ನಿಂತಿತು. ಮಾತು ತಿರುಗಿಸಲೆಂದು ಶಿವಯೋಗಿ ಕಾರ್ಖಾನೆಯ ಕೆಲಸದ ಭಾರ, ದಿನಾ ಓಟಿ ಎಂದು ಶುರು ಮಾಡಿದರು. ಮುತ್ತುರಾಜ ಮರುಕದಿಂದ, ರಿಸೆಷನ್ ಬಂದಾಗಿನಿಂದ ಅವರ ಕಾರ್ಖಾನೆಯಲ್ಲಿ ಓಟಿ ನಿಂತೇಹೋಗಿದೆ ಎಂದು ಅಲ್ಲೇ ಕೆಲಸ ಮಾಡುವ ತನ್ನ ಗೆಳೆಯ ಹೇಳಿದನಲ್ಲ, ಮತ್ತೆ ಶುರುವಾಯಿತೇ, ಒಳ್ಳೆಯದಾಯಿತು ಎಂದ.

ಒಳಗೆ ಕಮಲಾಕ್ಷಮ್ಮನವರ ತುರಿಮಣೆ ಟಕ್ಕನೆ ನಿಂತಿತು. ಹೆಂಗಸರಿಬ್ಬರೂ ಒಲೆಯ ಮುಂದೆ ತಲೆಗೆ ತಲೆ ತಾಗಿಸಿ ಲೆಕ್ಕ ಹಾಕಿದರು. ಸಂಜೆಯಿಡೀ ಮನೆಯಲ್ಲಿಲ್ಲ. ಟಿಫನ್ ಚೀಲದಲ್ಲಿ ಒಮ್ಮೆ ಯಾರದೋ ಹಸಿರು ಸೀರೆಯ ಸೆರಗು ಇಣುಕಿದ್ದನ್ನು ದಾನಮ್ಮನೇ ಕಂಡಿದ್ದರು, ಅದಕ್ಕೆ ಬೇರೆ ಮನೆಯ ಸೀಗೆಪುಡಿಯ ವಾಸನೆಯಿತ್ತು. ಈಗ ಎಣಿಕೆಯಲ್ಲಿ ಒಂದು ಕಡಿಮೆ ಬಿದ್ದ, ಅಂಗಿಯೊಳಗೆ ಬಚ್ಚಿಟ್ಟು ಒಯ್ದ ಹೋಳಿಗೆ, ಹೆಂಗಸರ ಅಂಗಡಿ. ದಾನಮ್ಮನಿಗೆ ಒಲೆಯ ಹೊಗೆಯಿಲ್ಲದೆಯೇ ಕಣ್ಣು ಉರಿಯಿತು. ಬೀಗರ ಮುಂದೆ, ಕೂಸಿನ ಹೆಸರಿಡುವ ದಿನ, ಮಗಳ ತವರಿನ ಮಾನ ಎಲ್ಲಿ ಹೋಗಿ ನಿಂತೀತು ಎಂಬ ಚಿಂತೆ ಹತ್ತಿತು.

"ಗಂಡಸ್ರನ್ನ ದೇವ್ರ ಕೈಗೆ ಕೊಟ್ಬಿಡ್ಬೇಕು ದಾನಮ್ಮ" ಎಂದರು ಕಮಲಾಕ್ಷಮ್ಮ. "ನಮ್ಮೆಜಮಾನ್ರನ್ನ ನೋಡು. ಮಿಲ್ಲಿಂದ ರಿಟೈರ್ ಆದ್ಮೇಲೆ ಸಂಜೆ ಆಯ್ತು ಅಂದ್ರೆ ಗಣಪತಿ ಗುಡಿ. ನೂರೆಂಟು ಸುತ್ತು ಹಾಕ್ದೆ ಬಂದು ಒಂದ್ ಲೋಟ ನೀರು ಮುಟ್ಟಲ್ಲ."

ಅವರ ಯಜಮಾನರಾದ ವೆಂಕಟಸ್ವಾಮಿಯವರು ಕೆಳಗೆ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು.

ತೊಟ್ಟಿಲಿಗೆ ಹೂ ಸುತ್ತುವ ಗದ್ದಲದಲ್ಲಿ ಶಿವಯೋಗಿ ಮೆಲ್ಲನೆ ಜಾರಿದರು. ಮೂಲೆ ಮುಚ್ಚಲು ಇನ್ನು ಕೆಲವೇ ಹೊಲಿಗೆ. ಟ್ಯಾಂಕಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿ, ಹೋಳಿಗೆಯ ಒಂದು ತುಣುಕು ಮುರಿದು ಪದರದ ನಡುವೆ ಇಟ್ಟರು. ಉಳಿದದ್ದನ್ನು ಪ್ರಸಾದವೆಂದು ಬಾಯಿಗೆ ಹಾಕಿಕೊಂಡರು. "ತಾಯೀ, ಉಣ್ಣು" ಎಂದು ಕೌದಿಗೆ ಪ್ರೀತಿಯಿಂದ ಹೇಳಿ ಸೂಜಿ ಎತ್ತಿದರು.

ಬಾಗಿಲ ಹೊರಗೆ ಕಿವಿಯಿಟ್ಟು ನಿಂತಿದ್ದ ದಾನಮ್ಮ ಅದನ್ನು ಕೇಳಿಸಿಕೊಂಡರು. ಕಮಲಾಕ್ಷಮ್ಮನೂ ಕೇಳಿಸಿಕೊಂಡರು. ಏನೋ ನಡೆಯುತ್ತಿದೆ ಎಂದು ಹಿಂದೆಯೇ ಹತ್ತಿ ಬಂದಿದ್ದ ಬೀಗಿತ್ತಿ ದುರ್ಗವ್ವನೂ ಕೇಳಿಸಿಕೊಂಡರು.

"ಬಾಗಿಲಾ ತೆಗೀರಿ" ಎಂದರು ದಾನಮ್ಮ. ಕೂಗಲಿಲ್ಲ. ಕೂಗಿದ್ದರೆ ಶಿವಯೋಗಿಯವರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಬಾಗಿಲು ತೆರೆಯಿತು. ಒಳಗೆ ಹೆಂಗಸು ಇರಲಿಲ್ಲ. ಆದರೆ ಕೂರಲು ಹಾಸಿದ್ದ ಗೋಣಿತಟ್ಟು ಎರಡು ಇದ್ದವು, ಎದುರು ಬದುರಾಗಿ. ಹೋಟೆಲಿನಿಂದ ತಂದ ಬೈಟು ಕಾಫಿಯ ಒಣಗಿದ ಕಪ್ಪುಗಳು ಎರಡಿದ್ದವು. ನಡುವೆ, ದೇವರ ಮುಂದೆ ಬಿಡಿಸಿದ ರಂಗೋಲಿಯ ಹಾಗೆ, ಕೆಂಪು ಹಸಿರು ಹಳದಿಯ ಕೌದಿ ಹರಡಿತ್ತು.

ಶಿವಯೋಗಿ ಬಾಯಲ್ಲಿದ್ದ ಹೋಳಿಗೆ ನುಂಗಿ, ಇದು ಊರಿನಿಂದ ಹಾಲವ್ವಕ್ಕ ಕಳಿಸಿದ್ದು ಎಂದರು. ಬೆಳಿಗ್ಗೆ ತಾನೇ ಹಾಲವ್ವ ಫೋನು ಮಾಡಿ, ಮೊಣಕಾಲು ನೋವಿಂದ ಬರಲೂ ಆಗಲಿಲ್ಲ, ಕೂಸಿಗೆ ಒಂದು ಕುಲಾವಿ ಕಳಿಸಲೂ ಆಗಲಿಲ್ಲ ಎಂದು ಅತ್ತದ್ದನ್ನು ದಾನಮ್ಮ ನೆನಪಿಸಿದರು. ಇನ್ನು ಸತ್ಯ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ.

"ನಾನs ಹೊಲದೀನಿ. ಆಣಿ ಮುರದೀನಿ. ತಪ್ಪಾತು" ಎಂದು ಅವರು ತಲೆ ತಗ್ಗಿಸಿದರು.

ದಾನಮ್ಮ ಬಗ್ಗಿ ಕೌದಿಯ ಮೇಲೆ ಕೈಯಾಡಿಸಿದರು. ಇರುವೆಗಳ ಸಾಲಿನಂತೆ ಒಂದೇ ಸಮನಾದ ಹೊಲಿಗೆ, ಎಲ್ಲೂ ಸುಕ್ಕಿಲ್ಲ. "ಯಾರಿಗಿ ಹೇಳತೀರಿ? ನಿಮ್ಮ ಹೊಲಿಗಿ ನನಗ ಗೊತ್ತಿಲ್ಲೇನು? ಕೋಳಿ ಕೆದರಿದಂಗ ಇರತಿತ್ತು. ಇದು ಹೆಂಗಸಿನ ಕೈ."

"ಹೆಂಗಸಿಂದೇ ಕಣೇ" ಎಂದರು ಕಮಲಾಕ್ಷಮ್ಮ, ಇಡೀ ಜನ್ಮ ದರ್ಜಿಯಾಗಿದ್ದವರ ಹಾಗೆ.

"ನೀವs ಹೊಲದದ್ದು ಹೌದಾದ್ರ ನನ್ನ ಮುಂದ ಹೊಲೀರಿ" ಎಂದರು ದಾನಮ್ಮ.

ಶಿವಯೋಗಿ ಕೂತರು. ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಂಡರು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಸೂಜಿ ಬಟ್ಟೆಯೊಳಗೆ ಮುಳುಗಿ, ಎದ್ದು, ಮುಳುಗಿ, ಎದ್ದು, ತೆರೆದ ಮೂಲೆಯನ್ನು ಅಚ್ಚುಕಟ್ಟಾಗಿ ಮುಚ್ಚಿತು. ಹೊಸ ಹೊಲಿಗೆ ಹಳೆಯದಕ್ಕೆ ಅಣ್ಣತಮ್ಮನಂತೆ ಹೊಂದಿಕೊಂಡಿತು. ಗೆದ್ದೆ ಎಂದುಕೊಂಡು ಅವರು ತಲೆ ಎತ್ತಿದರು.

ದಾನಮ್ಮನ ಮುಖ ಇನ್ನಷ್ಟು ಕಪ್ಪಿಟ್ಟಿತ್ತು. ಸೆರಗಿನಿಂದ ಕಣ್ಣು ಒತ್ತಿಕೊಂಡು ಕೇಳಿದರು: "ಇಷ್ಟು ಛಲೋ ಹೊಲಿಯೂದು ಯಾರು ಕಲಿಸಿದ್ರು? ಈ ಗೋಣಿತಟ್ಟಿನ ಮ್ಯಾಲೆ ಕುಂತು, ಕಾಫಿ ಕುಡಕೋತ, ಕೈ ಹಿಡಿದು ಕಲಿಸಿದಾಕಿ ಹೆಸರರೆ ಹೇಳ್ರಿ."

ಕೌದಿಯನ್ನು ಎತ್ತಿ ಹಿಂದುಮುಂದು ನೋಡುತ್ತಿದ್ದ ದುರ್ಗವ್ವ, "ಯಾರರೆ ಇರ್ಲಿ ಬಿಡ್ರಿ ಬೀಗತೇರ, ಕೈ ಬಂಗಾರದ್ದು ಐತಿ. ನಮ್ಮ ಸಣ್ಣ ಸೊಸಿಗೂ ಒಂದು ಹೊಲಿಯಾಕ ಹೇಳ್ರಿ ಆಕಿಗೆ" ಎಂದರು. ದಾನಮ್ಮನಿಗೆ ಬಿಕ್ಕು ಬಂತು.

ಶಿವಯೋಗಿ ಹೇಳಲೆಂದೇ ಬಾಯಿ ತೆರೆದರು. ಆಗ ಬಾಗಿಲ ಬಳಿ, ಕಮಲಾಕ್ಷಮ್ಮನ ಬೆನ್ನ ಹಿಂದೆ, ವೆಂಕಟಸ್ವಾಮಿಯವರು ಕಂಡರು. ಬೆವತಿದ್ದರು. ಜಪಮಾಲೆ ಸಮೇತ ಎರಡೂ ಕೈ ಎದೆಯ ಮುಂದೆ ಜೋಡಿಸಿ, ಗುಡಿಯಲ್ಲಿ ಎಂದೂ ಮುಗಿಯದಷ್ಟು ಭಕ್ತಿಯಿಂದ ಶಿವಯೋಗಿಯವರಿಗೆ ಮುಗಿಯುತ್ತಿದ್ದರು. ಪಂಚೆಯ ತುದಿಗೆ ಕೆಂಪು ದಾರದ ಎಳೆಯೊಂದು ಅಂಟಿಕೊಂಡು ತೂಗುತ್ತಿತ್ತು.

ಅವರು ಮಿಲ್ಲಿನಲ್ಲಿ ಆಯುಷ್ಯವಿಡೀ ಬಟ್ಟೆ ರಿಪೇರಿ ವಿಭಾಗದಲ್ಲಿದ್ದವರು. ಒಂದು ಸಂಜೆ ಟ್ಯಾಂಕಿನ ನೀರು ನೋಡಲು ಬಂದವರು ಶಿವಯೋಗಿಯವರ ಸೊಟ್ಟ ಹೊಲಿಗೆ ಕಂಡು ಸಹಿಸಲಾರದೆ, ಇಲ್ಲಿ ಕೊಡಿ ಸ್ವಾಮಿ ಎಂದು ಕೂತುಬಿಟ್ಟಿದ್ದರು. ಅಂದಿನಿಂದ ದಿನಾ ಸಂಜೆ ಇಲ್ಲೇ. ಗಣಪತಿಯ ಸುತ್ತ ಪ್ರದಕ್ಷಿಣೆ ನಿಂತೇಹೋಗಿತ್ತು. ಗಂಡನ ದೈವಭಕ್ತಿಯನ್ನು ಕಮಲಾಕ್ಷಮ್ಮ ಅತ್ತಿಗುಪ್ಪೆಯಿಂದ ನಂದಿನಿ ಲೇಔಟಿನ ನೆಂಟರವರೆಗೆ ಹಾಡಿ ಹೊಗಳಿದ್ದರು.

ಶಿವಯೋಗಿ ಆ ಜೋಡಿಸಿದ ಕೈಗಳನ್ನು ನೋಡಿದರು. ಬಿಕ್ಕುತ್ತಿದ್ದ ಹೆಂಡತಿಯನ್ನು ನೋಡಿದರು. ಒಂದು ಮನೆ ಉಳಿಸಲು ಇನ್ನೊಂದು ಮನೆಗೆ ಬೆಂಕಿ ಇಡಲು ಅವರ ಮನಸ್ಸು ಒಪ್ಪಲಿಲ್ಲ.

"ಶಿವನs ಕಲಿಸಿದ" ಎಂದರು.

"ಬಿಡಿ, ಶುಭ ದಿನ" ಎಂದು ವೆಂಕಟಸ್ವಾಮಿಯವರು ಸಣ್ಣ ದನಿ ತೆಗೆದರು.

"ನೀವ್ ಸುಮ್ನಿರಿ. ನಿಮಗೆ ದೇವ್ರು ಬಿಟ್ರೆ ಏನ್ ಗೊತ್ತು ಲೋಕ?" ಎಂದು ಕಮಲಾಕ್ಷಮ್ಮ ಗಂಡನನ್ನು ಗದರಿ, ದಾನಮ್ಮನ ಭುಜ ತಟ್ಟಿದರು. "ಅಳ್ಬೇಡ ಕಣೇ. ಕೆಳಗೆ ಕೂಸು ಕಾಯ್ತಾ ಇದೆ, ಮೊದ್ಲು ಹೆಸರಿಡೋಣ. ನಾಳೆಯಿಂದ ಇವರನ್ನ ನಮ್ಮೆಜಮಾನ್ರ ಕೈಗೆ ಒಪ್ಪಿಸ್ಬಿಡು. ದಿನಾ ಸಂಜೆ ಜೊತೇಲೇ ಕರ್ಕೊಂಡು ಹೋಗ್ತಾರೆ. ಅವಳು ಯಾವಳೋ, ತಾನಾಗೇ ಬಿಟ್ಟೋಗ್ತಾಳೆ."

ದಾನಮ್ಮ ಮೂಗೊರೆಸಿಕೊಂಡು ಒಪ್ಪಿದರು. ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ಕಣ್ಣಲ್ಲೂ ಒಂದೇ ಸಲ ದೀಪ ಹತ್ತಿತು. ದುರ್ಗವ್ವನ ಸಣ್ಣ ಸೊಸೆಯ ಕೌದಿಗೆ ನಡುವೆ ಯಾವ ಬಣ್ಣ ಇಡಬೇಕು ಎಂದು ಶಿವಯೋಗಿ ಆಗಲೇ ಯೋಚಿಸತೊಡಗಿದ್ದರು.

ಕಮಲಾಕ್ಷಮ್ಮ ಟ್ಯಾಂಕಿನ ಕೋಣೆಗೆ ಬೀಗ ಜಡಿದು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನೂ ಬರ್ತೀನಿ ದಿನಾ. ಗುಡಿ ಕಟ್ಟೆ ಮೇಲೆ ಕೂತು ಎಣಿಸ್ತೀನಿ. ನಮ್ಮೆಜಮಾನ್ರು ಹಾಕಿದಷ್ಟೂ ಸುತ್ತು ಇವರೂ ಹಾಕ್ಲಿ. ನೂರೆಂಟಲ್ವೇನ್ರೀ?"

ವೆಂಕಟಸ್ವಾಮಿಯವರು ಹೂಂ ಎಂದರು. ಆಮೇಲೆ ಮೆಟ್ಟಿಲಿಳಿಯುವಾಗ, ಬಿದ್ದುಹೋಗದಂತೆ, ಶಿವಯೋಗಿಯವರ ಭುಜ ಹಿಡಿದುಕೊಂಡರು.