ಮಂಡಿ ಪ್ರೋಗ್ರಾಮಿನ ಬಂಧುಬಳಗ

ರಮೇಶ್‌ಬಾಬು: ಬರ್ಕೊಳ್ಳೋದೇ ಬೇಡ ಅಂದೆನಲ್ಲ! ಎಲ್ಲಾ ನನ್ನ ತಲೇಲಿದೆ.

ಶಿರೀಷಾ: ತಲೆಗೆ ಬ್ಯಾಕಪ್ ಇದೆಯೇನ್ರೀ?

(ಚಿಂತಾಮಣಿಯ ಬಯ್ಯಪ್ಪನವರ ಟೊಮೇಟೊ ಮಂಡಿಗೆ ಎಷ್ಟೋ ವರ್ಷದ ಹಿಂದೆ ಪ್ರೋಗ್ರಾಮು ಬರೆದುಕೊಟ್ಟವನು ರಮೇಶ್‌ಬಾಬು. ಅದು ಕೆಟ್ಟಾಗಲೆಲ್ಲ ಚಿಕ್ಕಬಳ್ಳಾಪುರದ ಈ ಮನೆ ಬಾಗಿಲಿಗೆ ಕಾರು ಬರುತ್ತದೆ, ಇವನು ಹಿಂದಿನ ಸೀಟಿನಲ್ಲಿ ಮಂತ್ರಿಯಂತೆ ಹೋಗಿಬರುತ್ತಾನೆ. ಇನ್ನು ಮುಂದೆ ಯಾರು ಬೇಕಾದರೂ ರಿಪೇರಿ ಮಾಡುವಂತಿರಲಿ ಎಂದು ಬಯ್ಯಪ್ಪನವರು ಕಂಪ್ಯೂಟರ್ ಬಲ್ಲ ಇವನ ಹೆಂಡತಿ ಶಿರೀಷಾಗೆ ಅದರ ಒಳಗನ್ನೆಲ್ಲ ಬರೆದಿಡುವ ಕೆಲಸ ವಹಿಸಿದ್ದಾರೆ. ಕಾರಿನ ಯೋಗ ಕೈತಪ್ಪುತ್ತದಲ್ಲ ಎಂದು ಗಂಡನಿಗೆ ಹೊಟ್ಟೆಯುರಿ.)

ರಮೇಶ್‌ಬಾಬು: ಏನದು ಪರದೆ ತುಂಬ ಗೀಟು? ರಂಗೋಲಿನಾ?

ಶಿರೀಷಾ: ಸೆಮ್ಯಾಂಟಿಕ್ ವೆಬ್ ಅಂತ. ಮದ್ವೆ ಮನೇಲಿ ಅತ್ತೆ ಕೇಳಲ್ವಾ, ನೀನ್ಯಾರ ಮಗ, ಯಾರ ಅಳಿಯ ಅಂತ? ಹಂಗೇ ಪ್ರೋಗ್ರಾಮಿನ ಒಂದೊಂದು ತುಂಡಿಗೂ ಸಂಬಂಧ ಬರೆದಿಡೋದು. ಆಮೇಲೆ ಯಾವುದನ್ನ ತೆಗೆದ್ರೆ ಯಾವುದು ಬೀಳುತ್ತೆ, ಯಾವುದು ಸುಮ್ನೆ ಕೂತಿದೆ ಅಂತ ಕಂಪ್ಯೂಟರೇ ಹೇಳುತ್ತೆ. ಈ ‘ಕ್ರೇಟ್ ತೂಕ’ ಯಾಕಿದೆ?

ರಮೇಶ್‌ಬಾಬು: ಅದನ್ನ ಮುಟ್ಬೇಡ.

ಶಿರೀಷಾ: ‘ಅಕ್ಕಯ್ಯಮ್ಮ ಎರಡು’?

ರಮೇಶ್‌ಬಾಬು: ಅಜ್ಜಿ ಹೆಸರಲ್ಲಿ ಮಾಡಿದ್ದು. ಮುಟ್ಬೇಡ.

ಶಿರೀಷಾ: ‘ಅಕ್ಕಯ್ಯಮ್ಮ ಒಂದು’ ಎಲ್ಲಿ?

ರಮೇಶ್‌ಬಾಬು: ಅದನ್ನ ಮುಟ್ಟಿದ್ದೆ.

ಶಿರೀಷಾ: ಇವಕ್ಕೂ ನಿಮಗೂ ಏನು ಸಂಬಂಧ ಅಂತ ಹಾಕ್ಲಿ?

ರಮೇಶ್‌ಬಾಬು: ತಂದೆ! ಎಲ್ಲದಕ್ಕೂ ತಂದೆ ಅಂತ ಹಾಕು.

(ಫೋನು ಬಂತು. ಸ್ಪೀಕರಿನಲ್ಲಿ ಬಯ್ಯಪ್ಪನವರ ಗುಡುಗು.)

ಬಯ್ಯಪ್ಪ: ಏಮಪ್ಪಾ ರಮೇಶಾ! ನಿನ್ನೆ ನೀನು ಬಂದು ಹೋದಾಗಿಂದ ಒಂದೊಂದು ಕ್ರೇಟೂ ಆನೆ ತೂಕ ತೋರಿಸ್ತಾ ಐತೆ. ಹರಾಜು ನಿಂತೋಯ್ತು, ಟೊಮೇಟೊ ಕೊಳೀತಾ ಐತೆ. ಏನು ಮಾಡ್ಬಿಟ್ಟು ಹೋದೆ?

ರಮೇಶ್‌ಬಾಬು: ಅಯ್ಯೋ ಸಾರ್, ನನಗೂ ಅದಕ್ಕೂ ಸಂಬಂಧವೇ ಇಲ್ಲ! ಆ ಪ್ರೋಗ್ರಾಮಿನ ಯಾವುದಕ್ಕೂ ಇಲ್ಲ!

(ಶಿರೀಷಾ ‘ತಂದೆ’ ಎಂಬುದನ್ನು ಅಳಿಸಿ, ‘ಸಂಬಂಧವಿಲ್ಲ’ ಎಂದು ಹಾಕಿದಳು.)

ಶಿರೀಷಾ: ಸಾರ್, ಸಿಕ್ತು. ಕ್ರೇಟ್ ತೂಕವನ್ನ ಯಾರೋ ಬದಲಾಯಿಸಿದಾರೆ, ಅದನ್ನೇ ನಂಬ್ಕೊಂಡಿರೋ ಬಿಲ್ಲು ಕೆಟ್ಟಿದೆ.

ಬಯ್ಯಪ್ಪ: ಕಾರು ಕಳಿಸ್ತೀನಿ, ನೀನೇ ಬಂದು ಸರಿ ಮಾಡಮ್ಮಾ.

(ಫೋನು ಇಟ್ಟಾಯಿತು. ರಮೇಶ್‌ಬಾಬುವಿನ ಮುಖ ಬಾಡಿತು.)

ರಮೇಶ್‌ಬಾಬು: ಇನ್ನೇನನ್ನುತ್ತೆ ನಿನ್ನ ಕಂಪ್ಯೂಟರು?

ಶಿರೀಷಾ: ತೆಗೆದ್ರೂ ಯಾವುದಕ್ಕೂ ತೊಂದ್ರೆ ಇಲ್ಲದಿರೋದು ಒಂದೇ ಒಂದಂತೆ.

ರಮೇಶ್‌ಬಾಬು: ಯಾವುದು? (ಇಣುಕಿ) ‘ರಮೇಶ್‌ಬಾಬು’ನಾ!

(ಗಂಟೆಯಾದ ಮೇಲೆ ಹೊರಗೆ ಕಾರಿನ ಹಾರನ್ ಕೇಳಿಸಿತು. ಶಿರೀಷಾ ಚಪ್ಪಲಿ ಹಾಕುವಷ್ಟರಲ್ಲಿ ರಮೇಶ್‌ಬಾಬು ಇಸ್ತ್ರಿ ಷರ್ಟಿನಲ್ಲಿ ಗೇಟಿನ ಹತ್ತಿರ ನಿಂತಿದ್ದ.)

ಶಿರೀಷಾ: ನೀವ್ಯಾಕೆ? ಯಾವ ಸಂಬಂಧದ ಮೇಲೆ?

ರಮೇಶ್‌ಬಾಬು: ಗಂಡ ಕಣೇ! ಮೊದಲು ಅದನ್ನ ಹಾಕ್ಕೋ. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಮುಟ್ಬೇಡ’ ಅಂತಾನೂ ಹಾಕು.