ಕೊಪ್ಪದ ಮಂಗನಿಗೆ ನಾನು ಪಾಠ ಹೇಳಿದ್ದು

ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆ ಎರಡೂ ಅಪರೂಪವಾಗಿದ್ದವು. ಧಾರಾಳವಾಗಿ ಉಳಿದದ್ದು ನನ್ನ ಬುದ್ಧಿವಂತಿಕೆಯೊಂದೇ. ಕೊಪ್ಪದಲ್ಲಿ ಮೇಷ್ಟ್ರಾಗಿದ್ದ ನನಗೆ ಎಲ್ಲಿಂದಲೋ ಒಂದು ಹಳೆಯ ಮಾಸಪತ್ರಿಕೆ ಸಿಕ್ಕಿತು. ಹೊರದೇಶದ ವಿದ್ವಾಂಸರು ಚಿಂಪಾಂಜಿ ಎಂಬ ಬಾಲವಿಲ್ಲದ ದೊಡ್ಡ ವಾನರನ ಬುದ್ಧಿಯನ್ನು ಪರೀಕ್ಷಿಸುತ್ತಿದ್ದಾರಂತೆ. ಎತ್ತರದಲ್ಲಿ ಹಣ್ಣು ಕಟ್ಟಿದರೆ ಅದು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟು ಹತ್ತುತ್ತದಂತೆ! ಚಿಂಪಾಂಜಿ ನಮ್ಮಲ್ಲಿಲ್ಲ, ನಿಜ. ಮಂಗಗಳಿಗೇನು ಬರವೇ?

ವಿಜ್ಞಾನಕ್ಕೆ ಕೊಪ್ಪದ ಕಾಣಿಕೆ ಸಲ್ಲಿಸುವ ಯೋಗ ನನ್ನದೇ ಎಂದು ತೀರ್ಮಾನಿಸಿದೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು. ಕಮ್ಮರಡಿಯ ಮಾವನವರು ಮಗಳನ್ನು ಕೊಟ್ಟಂದಿನಿಂದ ನನ್ನನ್ನು ಒಮ್ಮೆಯೂ ಬುದ್ಧಿವಂತ ಎಂದವರಲ್ಲ. ಹುಣ್ಣಿಮೆಗೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಅವರು ಬರುವವರಿದ್ದರು. ಅಷ್ಟರೊಳಗೆ ನಾನು ಸಂಶೋಧಕನಾಗಿರಬೇಕು!

ಮರದ ಪೆಟ್ಟಿಗೆಯೊಂದಕ್ಕೆ ನಮ್ಮ ಉಗ್ರಾಣದ ಬಾಗಿಲಿನಂಥದೇ ತಿರುಗುವ ಚಿಲಕ ಜೋಡಿಸಿದೆ. ಒಳಗೆ ಬಾಳೆಹಣ್ಣು ಇಟ್ಟೆ. ಕೊಟ್ಟಿಗೆಯ ಮಾಡಿನ ಮೇಲೆ ಒಂದು ಗಡವ ಮಂಗ ಕೂತಿತ್ತು. ಚಿಲಕ ತಿರುಗಿಸಿ, ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಚಿಲಕ ಹಾಕಿ ತೋರಿಸಿದೆ. ಅದು ಕಂಕುಳು ಕೆರೆದುಕೊಂಡಿತು. ಹುರಿದುಂಬಿಸಲೆಂದು ಹಣ್ಣನ್ನು ನಾನೇ ತಿಂದು ತೋರಿಸಿದೆ. ಇನ್ನೊಂದು ಇಟ್ಟೆ. ಅದನ್ನೂ ತಿಂದೆ.

ಹೆಂಡತಿ ಹೊರಗೆ ಬಂದಳು. "ಅಲ್ಲ, ಎಂತ ಮಾಡ್ತಿದೀರಿ ನೀವು?"

"ಮಂಗನ ಬುದ್ಧಿ ಪರೀಕ್ಷೆ."

"ಹಣ್ಣು ತಿಂತಿರೋದು ನೀವು, ನೋಡ್ತಿರೋದು ಅದು. ಪರೀಕ್ಷೆ ಯಾರಿಗೆ? ಪೂಜೆಗೆ ಅಂತ ಇಟ್ಟ ಗೊನೆ ಅದು. ಪ್ರಸಾದಕ್ಕೆ ಕಮ್ಮಿ ಬಿದ್ರೆ ಅಪ್ಪಯ್ಯನ ಹತ್ರ ನೀವೇ ಹೇಳಿ!"

ಉಳಿದ ಹಣ್ಣನ್ನು ಉಗ್ರಾಣದೊಳಗಿಟ್ಟು ಚಿಲಕ ಹಾಕಿದಳು.

ಹುಣ್ಣಿಮೆಯ ದಿನ ಮಾವನವರು ಬಂದು ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತರು. ನಾನು ಗಂಟಲು ಸರಿಮಾಡಿಕೊಂಡು ಸಂಶೋಧನೆಯ ಫಲಿತಾಂಶ ಘೋಷಿಸಿದೆ: "ಬಾಲ ಇದ್ದಲ್ಲಿ ಬುದ್ಧಿ ಇಲ್ಲ!"

"ಬಾಲ ಇಲ್ಲದಲ್ಲಿ ಇದೆ ಅಂತ ಎಂತ ಖಾತ್ರಿ?" ಎಂದರು ಮಾವನವರು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ಕೂಗು. ಓಡಿದೆ. ಉಗ್ರಾಣದ ಬಾಗಿಲು ತೆರೆದಿತ್ತು. ಅಕ್ಕಿಮುಡಿಯ ಮೇಲೆ ಕೂತು ನನ್ನ ಶಿಷ್ಯ ಹಣ್ಣು ಸುಲಿಯುತ್ತಿತ್ತು! ಸುತ್ತ ಬರೀ ಸಿಪ್ಪೆ. ಕೋಲೆತ್ತಿಕೊಂಡು ಒಳಗೆ ನುಗ್ಗಿದೆ. ಅದು ನನ್ನ ತಲೆಯ ಮೇಲಿಂದ ಹೊರಗೆ ಹಾರಿತು. ಬಾಗಿಲು ಎಳೆಯಿತು. ಚಿಲಕ ತಿರುಗಿಸಿತು. ನಾನು ಕಲಿಸಿದ ಹಾಗೆಯೇ, ಒಂದು ತಪ್ಪಿಲ್ಲದೆ! ಶಾಲೆಯಲ್ಲಿ ಇಷ್ಟು ಬೇಗ ಕಲಿತವರನ್ನು ನಾನು ಕಂಡಿಲ್ಲ.

"ಬಾಗಿಲು ತೆಗಿಯೇ!" ಎಂದು ಬಡಿದೆ.

"ತಡಿ ಕೂಸೆ, ತೆಗಿಬೇಡ," ಹೊರಗಿನಿಂದ ಮಾವನವರ ದನಿ. "ಅಳಿಯಂದ್ರು ಹೇಗೆ ಹೊರಗೆ ಬರ್ತಾರೆ ನೋಡಣ. ಮಂಗ ಒಂದು ಹಣ್ಣು ಬೀಳಿಸಿ ಹೋಗಿದೆ ಮಾರಾಯ್ರೆ. ಬಾಗಿಲ ಹತ್ರಾನೇ ಇಟ್ಟಿದೀನಿ!"

ಮರ್ಯಾದೆಯ ಪ್ರಶ್ನೆ. ಗೋಡೆಯ ಮೇಲ್ಗಡೆ ಒಂದು ಕಿಂಡಿ ಕಂಡಿತು. ಡಬ್ಬದ ಮೇಲೆ ಡಬ್ಬ ಇಟ್ಟೆ; ಚಿಂಪಾಂಜಿಗೆ ಆಗುವುದು ಮೇಷ್ಟ್ರಿಗೆ ಆಗದೇ? ಹತ್ತಿದೆ. ಉಪ್ಪಿನಕಾಯಿ ಭರಣಿಯ ಸಮೇತ ಕೆಳಗೆ ಬಂದೆ!

ಸದ್ದಿಗೆ ಹೆದರಿ ಹೆಂಡತಿ ಬಾಗಿಲು ತೆಗೆದಳು. ಮೈಯೆಲ್ಲ ಮಿಡಿಮಾವಿನ ರಸ. ಸೊಂಟ ಹಿಡಿದುಕೊಂಡು ಹೊರಗೆ ತೆವಳಿ, ಎದುರಿಗಿದ್ದ ಹಣ್ಣಿಗೆ ಕೈಚಾಚಿದೆ.

"ಮುಟ್ಟಬೇಡಿ! ಪ್ರಸಾದಕ್ಕೆ ಉಳಿದಿರೋದು ಅದೊಂದೇ," ಎಂದಳು ಹೆಂಡತಿ.

"ಮಂಗ ಮುಟ್ಟಿದ ಹಣ್ಣು ಪೂಜೆಗೆ ಆಗುತ್ತದೆಯೇ?" ಎಂದೆ.

"ಹನುಮಂತ ಮುಟ್ಟಿದ್ರೆ ದೋಷ ಇಲ್ಲ," ಎಂದರು ಮಾವನವರು, ಹಣ್ಣನ್ನು ಎತ್ತಿ ಮಗಳ ಕೈಗೆ ಕೊಡುತ್ತ. "ಮೇಷ್ಟ್ರು ಮುಟ್ಟಬಾರದು ಅಷ್ಟೆ."

ಚಿಂಪಾಂಜಿಗಾದರೂ ಕೊನೆಗೆ ಹಣ್ಣು ಸಿಗುತ್ತಿತ್ತಂತೆ.