ಮಶಾಕಸಾಬ ಮಾಸ್ತರರ ಸೊಂಟದಳತೆ

ಸಿಂದಗಿಯ ಬಜಾರದಲ್ಲಿ ಮೂವತ್ತು ವರ್ಷ ಊರಿನವರ ಸೊಂಟ ಅಳೆದ ಟೇಲರ್ ಮಶಾಕಸಾಬ ಒಂದು ದಿನ ಅಪ್ಪಿತಪ್ಪಿ ತಮ್ಮ ಸೊಂಟಕ್ಕೇ ಟೇಪು ಸುತ್ತಿದರು. ನಲವತ್ತೆರಡು ಇಂಚು. ಹಳೇ ಟೇಪು ಕುಗ್ಗಿರಬೇಕೆಂದು ಹೊಸದು ತರಿಸಿದರು. ಅದು ನಲವತ್ತಮೂರು ಎಂದಿತು!

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಶಮಶಾದಬಿಯ ಮುಂದೆ ಶಪಥವಾಯಿತು.

"ಎರಡು ತಿಂಗಳಾಗ ಮೂವತ್ತಾರಕ್ಕ ಇಳಸ್ತೇನಿ. ನಾಳಿಂದ ಓಡ್ತೇನಿ ನೋಡು."

ಯಾವ ವ್ಯಾಯಾಮ ಮೈಗೆ ಒಗ್ಗುತ್ತದೆಂದು ಮೊದಲು ಡಾಕ್ಟರರನ್ನು ಕೇಳಬಾರದೇ ಎಂದಳು ಆಕೆ. ಅಳತೆಯ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಿಲ್ಲವೆಂದು ಮಾಸ್ತರರು ನಾಲ್ಕನೆಯ ರೊಟ್ಟಿಗೆ ಕೈ ಚಾಚಿದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಓಟ ಶುರುವಾಯಿತು. ಮೊದಲ ನೂರು ಹೆಜ್ಜೆ ಅರಬ್ಬೀ ಕುದುರೆಯೇ ಸರಿ. ಆಮೇಲೆ ಚಹಾದಂಗಡಿ ಬಂತು. ಅಲ್ಲಿ ತೊಗರಿ ವ್ಯಾಪಾರಿ ಸೋಮನಿಂಗ ನಿಂತಿದ್ದ. ಅಳಿಯನ ಲಗ್ನಕ್ಕೆಂದು ಹೊಲಿಯಲು ಕೊಟ್ಟ ಪ್ಯಾಂಟಿಗಾಗಿ ಅವನು ಹದಿನೈದು ದಿನದಿಂದ ಅಲೆಯುತ್ತಿದ್ದ.

"ಮಾಸ್ತರ, ನನ್ನ ಪ್ಯಾಂಟು ಏನಾತ್ರಿ?"

ಈ ಪ್ರಶ್ನೆ ಕೇಳಿದರೆ ಕಣ್ಮರೆಯಾಗುವುದು ಮಾಸ್ತರರಿಗೆ ರೂಢಿ. ಕಾಲುಗಳು ತಾವಾಗಿಯೇ ಚುರುಕಾದವು. ಮಾಸ್ತರ ಬಟ್ಟೆ ಸಮೇತ ಊರು ಬಿಡುತ್ತಿದ್ದಾರೆಂದೇ ಸೋಮನಿಂಗ ತಿಳಿದ. ಬೆನ್ನು ಹತ್ತಿದ. ಚಹಾ ಕುಡಿಯುತ್ತಿದ್ದವರಲ್ಲಿ ಇಬ್ಬರ ಅಂಗಿಗಳೂ ಬಾಕಿಯಿದ್ದವು. ಅವರೂ ಕಪ್ಪು ಇಟ್ಟು ಓಡಿದರು. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹಿಂದೆ ಬಟ್ಟೆ ಬಾಕಿಯಿದ್ದ ಹನ್ನೊಂದು ಮಂದಿ. ಇಂಡಿ ಊರಿಗೆ ಹೋಗುವ ಬಸ್ಸು ಹೊರಡುತ್ತಿತ್ತು. ಮಾಸ್ತರರು ಹತ್ತಿಬಿಟ್ಟರು.

ಕಂಡಕ್ಟರ್ ಟಿಕೇಟು ಎಂದಾಗಲೇ ಜೇಬು ಖಾಲಿಯೆಂದು ನೆನಪಾದದ್ದು. ಊರು ದಾಟಿ ಮೂರು ಕಿಲೋಮೀಟರಿನಾಚೆ, ಒಂದು ಕಬ್ಬಿನ ಹೊಲದ ಮುಂದೆ, ಅವರನ್ನು ಮರ್ಯಾದೆಯಿಂದಲೇ ಇಳಿಸಲಾಯಿತು. ಕುಂಟುತ್ತ ಮನೆ ಸೇರುವಾಗ ಮೊಣಕಾಲುಗಳು ಬದನೆಕಾಯಿಯಂತೆ ಊದಿದ್ದವು.

ಶಮಶಾದಬಿ ಗಂಡನನ್ನು ಡಾಕ್ಟರ್ ಸುಮಂಗಲಾ ಅವರ ಬಳಿ ಕರೆದೊಯ್ದಳು. ಇಷ್ಟು ತೂಕ ಹೊತ್ತು ಒಮ್ಮೆಲೇ ಓಡಿದರೆ ಮೊದಲು ಕರಗುವುದು ಮೊಣಕಾಲು ಎಂದರು ಡಾಕ್ಟರು.

"ವಾರ ಆರಾಮ ತಗೋರಿ. ಆಮ್ಯಾಲ ದಿನಾ ನಡೀರಿ. ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟು ಬಿರುಸ. ರೊಟ್ಟಿ ಎರಡ ಸಾಕು."

ವಾರದ ನಂತರ ಮುಂಜಾನೆ ಬಾಗಿಲು ತೆರೆದರೆ ಹನ್ನೊಂದೂ ಗಿರಾಕಿಗಳು ಅಂಗಳದಲ್ಲಿ! ಮಾಸ್ತರರನ್ನು ಇನ್ನು ಒಬ್ಬರನ್ನೇ ಬಿಡುವಂತಿಲ್ಲವೆಂದು ಅವರಲ್ಲಿ ಠರಾವು ಪಾಸಾಗಿತ್ತಂತೆ. ಮಾಸ್ತರರು ಮುಂದೆ, ಗಿರಾಕಿಗಳು ಹಿಂದೆ. ದಾರಿಯುದ್ದಕ್ಕೂ ಒಬ್ಬ ಕಾಲರಿನ ಬಗ್ಗೆ, ಇನ್ನೊಬ್ಬ ಗುಂಡಿಯ ಬಗ್ಗೆ. ಮಾತಿಗಂತೂ ಬರವಿರಲಿಲ್ಲ. ನಾಚಿಕೆಗೆ ಮಾಸ್ತರರು ಹಗಲೆಲ್ಲ ಕೂತು ಹೊಲಿದರು. ಒಂದೊಂದೇ ಬಟ್ಟೆ ಮುಗಿಯಿತು, ಆದರೆ ಒಬ್ಬರೂ ನಡಿಗೆ ಬಿಡಲಿಲ್ಲ. ಅಷ್ಟರಲ್ಲಿ ಅದು ಹರಟೆಯ ಮೇಳವಾಗಿತ್ತು.

ಎರಡು ತಿಂಗಳಿಗೆ ಟೇಪು ನಲವತ್ತು ತೋರಿಸಿತು. ಮಾಸ್ತರರು ಎದೆಯುಬ್ಬಿಸಿ ಅಂಗಡಿ ತೆರೆದರು. ಸೋಮನಿಂಗ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಬಂದ.

"ನಿಮ್ಮ ಕೂಡ ನಡದು ನನ್ನ ಸೊಂಟಾ ಐದು ಇಂಚು ಇಳದೈತ್ರಿ ಮಾಸ್ತರ. ಪ್ಯಾಂಟು ನಿಲ್ಲವಲ್ದು. ಬಿಗಿ ಮಾಡಿ ಕೊಡ್ರಿ."

ಅವನ ಹಿಂದೆ ಉಳಿದ ಹತ್ತೂ ಮಂದಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು. ತಮಗಿಂತ ಎಲ್ಲರೂ ಹೆಚ್ಚು ಇಳಿದಿದ್ದಾರೆಂದು ಅಳತೆ ತೆಗೆದಾಗ ತಿಳಿಯಿತು. ಮಾಸ್ತರರ ಎದೆ ಮೊದಲಿನ ಅಳತೆಗೆ ಬಂತು. ತಿಂಗಳು ಪೂರ್ತಿ ಮಷೀನು ಬಿಟ್ಟು ಏಳದಷ್ಟು ಕೆಲಸ!

ಮರುದಿನ ಮುಂಜಾನೆ ಅಂಗಳದಲ್ಲಿ ಆ ಗಿರಾಕಿಗಳ ಹೆಂಡಂದಿರು ನಡಿಗೆಗೆ ಸಜ್ಜಾಗಿ ನಿಂತಿದ್ದರು. ಶಮಶಾದಬಿ ಚಪ್ಪಲಿ ಮೆಟ್ಟಿಕೊಂಡು ಗಂಡನತ್ತ ತಿರುಗಿದಳು.

"ನಿಮ್ಮ ಪಾಲಿಂದೂ ನಾನ ನಡದು ಬರ್ತೇನ್ರಿ. ನೀವು ಕುಂತು ಮಷೀನ್ ತುಳೀರಿ. ಕಾಲಿಗೆ ಅದೂ ವ್ಯಾಯಾಮನ ಐತಿ."